ಸಮೀಕರಣ ರೇಖಾತ್ಮಕವೋ ಅಲ್ಲವೋ? ಒಂದು ಹೆಜ್ಜೆ ಇಟ್ಟು ನೋಡಿ

ಎಸ್ಸೆಸ್ಸೆಲ್ಸಿ ಓದುವ ಮಕ್ಕಳನ್ನು ರೇಖಾತ್ಮಕ ಸಮೀಕರಣ ಅಂದರೆ ಏನು ಅಂತ ಕೇಳಿ ನೋಡಿ. ‘ಚರಾಕ್ಷರದ ಘಾತ ಒಂದು ಇರಬೇಕು ಸಾರ್’ ಅಂತ ಥಟ್ಟನೆ ಉತ್ತರ ಬರುತ್ತದೆ. ತಪ್ಪೇನಲ್ಲ. ಚರಾಕ್ಷರ ಅಂದರೆ ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಅಕ್ಷರ, ಘಾತ ಅಂದರೆ ಅದರ ತಲೆಯ ಮೇಲೆ ಬರೆಯುವ ಪುಟ್ಟ ಸಂಖ್ಯೆ. ಆದರೆ ಆ ಒಂದು ಸಾಲನ್ನೇ ನೆಚ್ಚಿಕೊಂಡು ಹೊರಟರೆ ಈ ಎರಡರ ಮುಂದೆ ಎಡವುವುದು ಖಾತ್ರಿ:

ಯಕ = 12

(ಯ + 1)² = ಯ² + 5

ಮೊದಲನೆಯದರಲ್ಲಿ ಯ ಘಾತವೂ ಒಂದು, ಕ ಘಾತವೂ ಒಂದು. ಆದರೂ ಅದು ರೇಖಾತ್ಮಕ ಅಲ್ಲ. ಎರಡನೆಯದರಲ್ಲಿ ವರ್ಗ ಎರಡು ಕಡೆ ಎದ್ದು ಕಾಣುತ್ತದೆ. ಆದರೂ ಬಿಡಿಸಿದರೆ ಒಳಗೆ ಕೂತಿರುವುದು ಸಾದಾ ರೇಖಾತ್ಮಕ ಸಮೀಕರಣ. ಹಾಗಾದರೆ ನೋಡಬೇಕಾದದ್ದು ಏನನ್ನು?

ಪಠ್ಯಪುಸ್ತಕದ ಎಕ್ಸ್, ವೈ ಬದಲು ಇಲ್ಲಿ ಯ, ಕ ಅಂತ ಬರೆಯುತ್ತಿದ್ದೇನೆ. ಇದು ನನ್ನ ಸಾಹಸವೇನಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳನ್ನು ಯಾವತ್ತಾವತ್, ಕಾಲಕ, ನೀಲಕ ಅಂತ ಕರೆದು, ಲೆಕ್ಕ ಬರೆಯುವಾಗ ಯಾ, ಕಾ, ನೀ ಅಂತ ಮೊದಲ ಅಕ್ಷರ ಮಾತ್ರ ಇಡುತ್ತಿದ್ದರು. ನಾನು ದೀರ್ಘವನ್ನೂ ಬಿಟ್ಟಿದ್ದೇನೆ, ಅಷ್ಟೇ.

ಎಲ್ಲಿಂದ ಇಟ್ಟರೂ ಅದೇ ಹೆಜ್ಜೆ

ಸಾಗರದಿಂದ ತೋಟಕ್ಕೆ ಗೊಬ್ಬರ ತರಲು ಪಿಕಪ್ ಗಾಡಿ ಮಾತಾಡಿದಿರಿ ಅಂತಿಟ್ಟುಕೊಳ್ಳಿ. ಗಾಡಿ ಹೊರಟರೆ 800 ರೂಪಾಯಿ. ಅದರ ಮೇಲೆ ಕಿಲೋಮೀಟರಿಗೆ 20. ಓಡಿದ ಕಿಲೋಮೀಟರು ಯ, ಕೊಡಬೇಕಾದ ಬಾಡಿಗೆ ಕ ಆದರೆ,

ಕ = 800 + 20ಯ

10 ಕಿ.ಮೀ. ಹೋದರೆ 1,000 ರೂಪಾಯಿ. 11 ಕಿ.ಮೀ. ಹೋದರೆ 1,020. ಒಂದು ಕಿ.ಮೀ. ಜಾಸ್ತಿಯಾದದ್ದಕ್ಕೆ 20 ರೂಪಾಯಿ ಏರಿತು. ಈಗ ದೂರ ಹೋಗೋಣ. 50 ಕಿ.ಮೀ.ಗೆ 1,800. 51ಕ್ಕೆ 1,820. ಮತ್ತೆ 20ರ ಏರಿಕೆಯೇ. ಊರ ಬಾಗಿಲಲ್ಲಿ ಒಂದು ಕಿ.ಮೀ. ಜಾಸ್ತಿ ಓಡಿಸಿದರೂ ಅಷ್ಟೇ, ಶಿವಮೊಗ್ಗ ದಾಟಿದ ಮೇಲೆ ಓಡಿಸಿದರೂ ಅಷ್ಟೇ.

ರೇಖಾತ್ಮಕ ಅಂದರೆ ಇದು. ಗೊತ್ತಿಲ್ಲದ್ದನ್ನು ಒಂದು ಹೆಜ್ಜೆ ಏರಿಸಿದಾಗ ಆಗುವ ಬದಲಾವಣೆ, ನೀವು ಎಲ್ಲಿ ನಿಂತು ಹೆಜ್ಜೆ ಇಟ್ಟಿರಿ ಎಂಬುದರ ಮೇಲೆ ನಿಂತಿರಬಾರದು. ಬದಲಾವಣೆ ಒಂದೇ ಸಮ ಇದ್ದರೆ ನಕ್ಷೆಯಲ್ಲಿ ಬಿಂದುಗಳು ಒಂದೇ ಸಮ ಏರುತ್ತವೆ ಇಲ್ಲವೇ ಇಳಿಯುತ್ತವೆ, ಸರಳರೇಖೆ ಸಿಗುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ತಿಳಿವಳಿಕೆ ಇಟ್ಟುಕೊಂಡಿರುತ್ತಾರೆ: ‘ಒಂದು ದುಪ್ಪಟ್ಟಾದರೆ ಇನ್ನೊಂದೂ ದುಪ್ಪಟ್ಟಾಗಬೇಕು’ ಅಂತ. ನಮ್ಮ ಗಾಡಿ ಲೆಕ್ಕದಲ್ಲಿ 10 ಕಿ.ಮೀ.ಗೆ 1,000 ಆದರೆ 20 ಕಿ.ಮೀ.ಗೆ 1,200. ದುಪ್ಪಟ್ಟಾಗಲಿಲ್ಲ ಅಲ್ವಾ? ಆದರೂ ಸಮೀಕರಣ ರೇಖಾತ್ಮಕವೇ. ದುಪ್ಪಟ್ಟಾಗುವುದು ಅನುಪಾತದ ಲಕ್ಷಣ. ಆ 800 ಇಲ್ಲದೆ ಬರೀ 20ಯ ಇದ್ದರೆ ಆಗ ದುಪ್ಪಟ್ಟೂ ಆಗುತ್ತಿತ್ತು, ರೇಖೆ ಸೊನ್ನೆಯಿಂದಲೇ ಹೊರಡುತ್ತಿತ್ತು. (ಮುಂದೆ ಡಿಗ್ರಿಯಲ್ಲಿ ಗಣಿತ ಓದುವವರಿಗೆ ಒಂದು ಕಿವಿಮಾತು: ಅಲ್ಲಿ ‘ರೇಖಾತ್ಮಕ ಪರಿವರ್ತನೆ’ ಅಂದರೆ ಸೊನ್ನೆಗೆ ಸೊನ್ನೆಯೇ ಬರಬೇಕು ಅಂತ ಬಿಗಿ ಮಾಡುತ್ತಾರೆ. ಶಾಲೆಯ ರೇಖಾತ್ಮಕ ಸಮೀಕರಣಕ್ಕೆ ಆ ಬಿಗಿ ಇಲ್ಲ.)

ಸಮೀಕರಣದಲ್ಲಿ ಒಂದೇ ಚರಾಕ್ಷರ ಇದ್ದರೆ? 5ಯ + 3 = 18 ತೆಗೆದುಕೊಳ್ಳಿ. ಎಲ್ಲವನ್ನೂ ಒಂದೇ ಬದಿಗೆ ತನ್ನಿ: 5ಯ − 15 = 0. ಈಗ ಎಡಗಡೆ ಇರುವುದನ್ನು ಮಾತ್ರ ಪರೀಕ್ಷೆಗೆ ಹಾಕಿ. ಯ ಒಂದು ಏರಿದಾಗಲೆಲ್ಲ ಅದು ಐದು ಏರುತ್ತದೆ. ಮುಗಿಯಿತು, ರೇಖಾತ್ಮಕ.

ಒಂದು ಎಕರೆಗೆ ಎಷ್ಟು ಅಡಿಕೆ ಸಸಿ?

ಹೆಜ್ಜೆ ತಪ್ಪುವ ಲೆಕ್ಕ ಬೇಕೆಂದರೆ ತೋಟಕ್ಕೇ ಹೋಗೋಣ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರಡಿ. ಅಡಿಕೆ ಸಸಿ ನೆಡುವಾಗ ಸಾಮಾನ್ಯವಾಗಿ 9 ಅಡಿಗೆ 9 ಅಡಿ ಅಂತರ ಬಿಡುತ್ತಾರೆ. ಒಂದು ಸಸಿಗೆ 81 ಚದರಡಿ ಬಂತು. ಬಸಿಗಾಲುವೆ, ಓಡಾಡುವ ದಾರಿ, ಬೇಲಿಯಂಚು ಯಾವುದನ್ನೂ ಕಳೆಯದೆ ಸುಮ್ನೆ ಭಾಗಿಸಿದರೆ ಎಕರೆಗೆ ಸುಮಾರು 538 ಸಸಿ.

ಈಗ ಅಂತರವನ್ನು ಯ ಅಡಿ ಅನ್ನೋಣ, ಸಸಿಗಳ ಸಂಖ್ಯೆಯನ್ನು ಕ.

ಕ = 43560 / ಯ²

10 ಅಡಿ ಅಂತರ ಬಿಟ್ಟರೆ 436 ಸಸಿ. 9 ಅಡಿ ಬಿಟ್ಟರೆ 538. 8 ಅಡಿ ಬಿಟ್ಟರೆ 681. 7 ಅಡಿ ಬಿಟ್ಟರೆ 889. ಹತ್ತರಿಂದ ಒಂಬತ್ತಕ್ಕೆ ಒಂದು ಅಡಿ ಕಮ್ಮಿ ಮಾಡಿದಾಗ 102 ಸಸಿ ಜಾಸ್ತಿ ಸಿಕ್ಕವು. ಒಂಬತ್ತರಿಂದ ಎಂಟಕ್ಕೆ ಅದೇ ಒಂದು ಅಡಿಗೆ 143. ಎಂಟರಿಂದ ಏಳಕ್ಕೆ 208. ಹೆಜ್ಜೆ ಒಂದೇ ಅಡಿ, ಏರಿಕೆ ಮಾತ್ರ ಪ್ರತಿ ಸಲ ಬೇರೆ. ರೇಖಾತ್ಮಕ ಅಲ್ಲ ಎನ್ನಲು ಇಷ್ಟು ಸಾಕು.

ಮೇಲಿನ ಸಾಲನ್ನು ನೋಡಿ ‘ಹಾಗಾದರೆ ಏಳಡಿಗೇ ನೆಡೋಣ’ ಅಂತ ಹೊರಡಬೇಡಿ. ನೆರಳು, ಗಾಳಿ, ಬೇರಿನ ಜಾಗ ಇವು ಯಾವುವೂ ಈ ಸಮೀಕರಣದೊಳಗೆ ಇಲ್ಲ.

ಸಮೀಕರಣವನ್ನು ಕಣ್ಣಲ್ಲೇ ನೋಡಿ ಹೇಳುವುದಾದರೆ ಇಲ್ಲಿ ಎರಡು ಸುಳಿವು ಇವೆ. ಯ ಛೇದದಲ್ಲಿ ಕೂತಿದೆ, ಜೊತೆಗೆ ಅದರ ಘಾತ ಎರಡು. ಎರಡರಲ್ಲಿ ಒಂದೇ ಇದ್ದರೂ ಸಾಕಿತ್ತು. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ. ಗಂಟೆಗೆ ಯ ಕಿ.ಮೀ. ವೇಗದಲ್ಲಿ ಹೋದರೆ ಹಿಡಿಯುವ ಹೊತ್ತು 70/ಯ ಗಂಟೆ. ಇಲ್ಲಿ ವರ್ಗ ಇಲ್ಲ, ಛೇದ ಮಾತ್ರ ಇದೆ. ಆದರೂ ವೇಗವನ್ನು 35ರಿಂದ 70ಕ್ಕೆ ಏರಿಸಿದರೆ ಒಂದು ಗಂಟೆ ಉಳಿಯುತ್ತದೆ. 70ರಿಂದ 105ಕ್ಕೆ ಅಷ್ಟೇ ಏರಿಸಿದರೆ ಉಳಿಯುವುದು ಬರೀ 20 ನಿಮಿಷ. ರಸ್ತೆಯಲ್ಲಿ ಅವಸರ ಮಾಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಗೊತ್ತಿಲ್ಲದ್ದಕ್ಕೆ ಏನು ಮಾಡಿದ್ದಾರೆ?

ಹೆಜ್ಜೆ ಇಟ್ಟು ನೋಡಲು ಪ್ರತಿ ಸಲ ಪುರುಸೊತ್ತು ಇರುವುದಿಲ್ಲ. ಪರೀಕ್ಷೆಯಲ್ಲಂತೂ ಇಲ್ಲವೇ ಇಲ್ಲ. ಆಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗೊತ್ತಿಲ್ಲದ ಸಂಖ್ಯೆಗೆ ಇವರು ಏನೇನು ಮಾಡಿದ್ದಾರೆ?

ಅನುಮತಿ ಇರುವುದು ಎರಡಕ್ಕೆ. ಅದನ್ನು ಒಂದು ನಿಗದಿ ಸಂಖ್ಯೆಯಿಂದ ಗುಣಿಸಬಹುದು. ಹಾಗೆ ಗುಣಿಸಿದ ಪದಗಳನ್ನು ಕೂಡಬಹುದು, ಕಳೆಯಬಹುದು. ಅಷ್ಟೇ. ಅದರ ವರ್ಗ ಮಾಡುವಂತಿಲ್ಲ, ವರ್ಗಮೂಲ ತೆಗೆಯುವಂತಿಲ್ಲ, ಅದರಿಂದ ಭಾಗಿಸುವಂತಿಲ್ಲ, ಅದನ್ನು ಘಾತದ ಜಾಗಕ್ಕೆ ಏರಿಸುವಂತಿಲ್ಲ, ಇನ್ನೊಂದು ಗೊತ್ತಿಲ್ಲದ್ದರಿಂದ ಗುಣಿಸುವಂತೆಯೂ ಇಲ್ಲ.

ಗುಣಿಸುವ ನಿಗದಿ ಸಂಖ್ಯೆ ಎಷ್ಟೇ ವಿಕಾರವಾಗಿದ್ದರೂ ಚಿಂತೆಯಿಲ್ಲ. ಮಕ್ಕಳು √2 ಕಂಡ ಕೂಡಲೇ ಗಾಬರಿಯಾಗಿ ‘ರೇಖಾತ್ಮಕ ಅಲ್ಲ’ ಅಂತ ಬರೆದುಬಿಡುತ್ತಾರೆ. √2·ಯ + 5 = 0 ಪಕ್ಕಾ ರೇಖಾತ್ಮಕ. √2 ಒಂದು ಸಂಖ್ಯೆ, ಸುಮಾರು 1.414. ವರ್ಗಮೂಲದ ಚಿಹ್ನೆ ಅದರ ಮೇಲಿದೆ, ಯ ಮೇಲಲ್ಲ. ಹಾಗೆಯೇ 7²·ಯ = 98 ಕೂಡ ರೇಖಾತ್ಮಕ. ವರ್ಗ ಆಗಿರುವುದು ಏಳು. ಯ/3 ಇದ್ದರೂ ಸರಿ, ಏಕೆಂದರೆ ಅದು ಯ ಅನ್ನು ಮೂರನೇ ಒಂದರಿಂದ ಗುಣಿಸಿದ ಹಾಗೆ. 3/ಯ ಇದ್ದರೆ ಮಾತ್ರ ಕೆಟ್ಟಿತು.

ಇನ್ನು ಎರಡು ಗೊತ್ತಿಲ್ಲದವುಗಳ ಗುಣಾಕಾರ. ಇದನ್ನು ಅಡಿಕೆ ಮಾರುವ ಮಂಡಿಯಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಲೆಕ್ಕಕ್ಕೆ ಮಾತ್ರ, ರಾಶಿ ಅನ್ನುವ ಬಗೆಯ ಅಡಿಕೆ ಕ್ವಿಂಟಾಲಿಗೆ 50,000, ಬೆಟ್ಟೆ ಅನ್ನುವ ಬಗೆಯದು 55,000 ಅಂತ ಇಟ್ಟುಕೊಳ್ಳಿ. ಇವತ್ತಿನ ಧಾರಣೆ ಇದು ಅಂತ ಯಾರೂ ನನ್ನ ಮೇಲೆ ಬರಬೇಡಿ. ರಾಶಿ ಯ ಕ್ವಿಂಟಾಲ್, ಬೆಟ್ಟೆ ಕ ಕ್ವಿಂಟಾಲ್ ಕೊಟ್ಟು ಒಟ್ಟು 4,25,000 ರೂಪಾಯಿ ಬಂತು.

50000ಯ + 55000ಕ = 425000

ಎರಡು ಚರಾಕ್ಷರದ ಒಳ್ಳೆಯ ರೇಖಾತ್ಮಕ ಸಮೀಕರಣ. ಮೂರು ಕ್ವಿಂಟಾಲ್ ರಾಶಿ, ಐದು ಕ್ವಿಂಟಾಲ್ ಬೆಟ್ಟೆ ಅಂದರೆ ಲೆಕ್ಕ ಕೂಡುತ್ತದೆ. ಈಗ ಉಲ್ಟಾ ಮಾಡಿ. ತೂಕ ಗೊತ್ತಿದೆ, ಧಾರಣೆ ಗೊತ್ತಿಲ್ಲ. 3ಯ + 5ಕ = 425000 ಆಗುತ್ತದೆ, ಇಲ್ಲಿ ಯ, ಕ ಎರಡೂ ಧಾರಣೆಗಳು. ಇದೂ ರೇಖಾತ್ಮಕವೇ.

ತೂಕವೂ ಗೊತ್ತಿಲ್ಲ, ಧಾರಣೆಯೂ ಗೊತ್ತಿಲ್ಲ ಅಂದರೆ? ಆಗ ತೂಕ ಯ, ಧಾರಣೆ ಕ, ಬಂದ ಹಣ ಯಕ. ಒಂದು ಕ್ವಿಂಟಾಲ್ ಜಾಸ್ತಿ ಕೊಟ್ಟರೆ ಎಷ್ಟು ಹಣ ಏರುತ್ತದೆ ಅಂತ ಕೇಳಿದರೆ ಉತ್ತರ ‘ಕ ರೂಪಾಯಿ’, ಅಂದರೆ ಅವತ್ತಿನ ಧಾರಣೆಯಷ್ಟು. ಏರಿಕೆ ನಾವು ನಿಂತ ಜಾಗವನ್ನು ಅವಲಂಬಿಸಿಬಿಟ್ಟಿತು. ಅದಕ್ಕೇ ಯಕ = 12 ರೇಖಾತ್ಮಕ ಅಲ್ಲ. ಯ ಅನ್ನು 1, 2, 3, 4 ಮಾಡುತ್ತಾ ಹೋಗಿ. ಕ 12, 6, 4, 3 ಆಗುತ್ತದೆ. ಇಳಿಕೆ 6, ಆಮೇಲೆ 2, ಆಮೇಲೆ 1. ಘಾತ ನೋಡುವಾಗ ಒಂದೊಂದು ಅಕ್ಷರವನ್ನು ಬಿಡಿಬಿಡಿಯಾಗಿ ನೋಡಿದರೆ ಸಾಲದು. ಒಂದು ಪದದೊಳಗಿನ ಎಲ್ಲ ಚರಾಕ್ಷರಗಳ ಘಾತ ಕೂಡಬೇಕು. ಯಕ ಪದದಲ್ಲಿ ಒಂದು ಕೂಡಿಸು ಒಂದು, ಎರಡು.

ಜೋಗದ ಕಲ್ಲು

ಜೋಗದ ರಾಜಾ ಜಲಪಾತದ ಎತ್ತರ 253 ಮೀಟರ್. ಆ ಎತ್ತರದಿಂದ ಒಂದು ಕಲ್ಲು ಬೀಳುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕೋಣ. ನಿಜವಾಗಿ ಯಾರೂ ಎಸೆಯುವುದು ಬೇಡ, ಕೆಳಗೆ ಜನ ಇರುತ್ತಾರೆ. ಗಾಳಿಯ ತಡೆಯನ್ನು ಬಿಟ್ಟರೆ, ಯ ಸೆಕೆಂಡಿನಲ್ಲಿ ಅದು ಬೀಳುವ ದೂರ 4.9ಯ² ಮೀಟರ್.

ಒಂದು ಸೆಕೆಂಡಿಗೆ 4.9 ಮೀಟರ್. ಎರಡಕ್ಕೆ 19.6. ಮೂರಕ್ಕೆ 44.1. ನಾಲ್ಕಕ್ಕೆ 78.4. ಪ್ರತಿ ಸೆಕೆಂಡಿನ ಏರಿಕೆ 4.9, 14.7, 24.5, 34.3. ಒಂದೇ ಸಮ ಇಲ್ಲ, ಹಾಗಾಗಿ ರೇಖಾತ್ಮಕ ಅಲ್ಲ. ಏಳನೇ ಸೆಕೆಂಡು ಮುಗಿಯುವಾಗ 240 ಮೀಟರ್ ದಾಟಿರುತ್ತದೆ, ಇನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತಳ.

ಆದರೆ ಅದೇ ಕಲ್ಲಿನ ವೇಗವನ್ನು ನೋಡಿ. ಅದು 9.8ಯ. ಒಂದು ಸೆಕೆಂಡಿಗೆ 9.8, ಎರಡಕ್ಕೆ 19.6, ಮೂರಕ್ಕೆ 29.4. ಪ್ರತಿ ಸೆಕೆಂಡಿಗೂ ಸರಿಯಾಗಿ 9.8 ಏರಿಕೆ. ವೇಗ ರೇಖಾತ್ಮಕ! ಕಲ್ಲು ಒಂದೇ, ಬೀಳುವುದೂ ಒಂದೇ ಸಲ. ದೂರ ಕೇಳಿದರೆ ರೇಖಾತ್ಮಕ ಅಲ್ಲ, ವೇಗ ಕೇಳಿದರೆ ಹೌದು. ಹಾಗಾಗಿ ‘ಬೀಳುವುದು ರೇಖಾತ್ಮಕವೋ?’ ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ. ಯಾವ ಅಳತೆ, ಯಾವುದಕ್ಕೆ ಹೋಲಿಸಿ ಅಂತ ಹೇಳಬೇಕು.

ಜೋಗದ ಮೇಲುಗಡೆಯ ಲಿಂಗನಮಕ್ಕಿಯಲ್ಲೂ ಇದೇ ಕಥೆ. ಜುಲೈ ಬಂತೆಂದರೆ ಜಲಾಶಯದ ಮಟ್ಟ ಎಷ್ಟು ಅಡಿಯಾಯಿತು ಅಂತ ಪೇಪರು ತೆಗೆದು ನೋಡುವುದು ನಮ್ಮ ಕಡೆ ಒಂದು ಚಟ. ಗರಿಷ್ಠ ಮಟ್ಟ 1,819 ಅಡಿ. ‘ಮೊನ್ನೆ ಒಂದಡಿ ಏರಿತ್ತು, ನಿನ್ನೆಯೂ ಒಂದಡಿ, ಅಂದರೆ ನೀರು ಬಂದದ್ದು ಅಷ್ಟಕ್ಕಷ್ಟೇ’ ಅಂತ ಹೋಟೆಲಿನಲ್ಲಿ ಮಾತು ಕೇಳಿಬರುತ್ತದೆ. ಅದು ಸರಿಯಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಒಂದಡಿ ತುಂಬಲು ಕೆಳಗಿನ ಒಂದಡಿಗಿಂತ ಜಾಸ್ತಿ ನೀರು ಬೇಕು. ಮಟ್ಟಕ್ಕೂ ಸಂಗ್ರಹಕ್ಕೂ ಇರುವ ಸಂಬಂಧ ರೇಖಾತ್ಮಕ ಅಲ್ಲ, ಅದಕ್ಕೇ ಪೇಪರಿನವರು ಅಡಿಯ ಜೊತೆಗೆ ಟಿಎಂಸಿಯನ್ನೂ ಹಾಕಿದರೆ ಒಳ್ಳೆಯದು.

ಸಾಲದ ಬಡ್ಡಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಲಕ್ಷಕ್ಕೆ ವರ್ಷಕ್ಕೆ ಶೇ 12. ಸರಳ ಬಡ್ಡಿಯಾದರೆ ಪ್ರತಿ ವರ್ಷ 12,000 ಸೇರುತ್ತದೆ. ವರ್ಷಗಳ ಲೆಕ್ಕದಲ್ಲಿ ಇದು ರೇಖಾತ್ಮಕ. ಚಕ್ರಬಡ್ಡಿಯಾದರೆ ಮೊದಲ ವರ್ಷ 12,000, ಎರಡನೇ ವರ್ಷ 13,440, ಮೂರನೇ ವರ್ಷ 15,052 ರೂಪಾಯಿ 80 ಪೈಸೆ. ಯ ವರ್ಷಕ್ಕೆ ಒಟ್ಟು ಮೊತ್ತ 100000 × (1.12)^ಯ, ಅಂದರೆ 1.12ರ ಘಾತದ ಜಾಗದಲ್ಲಿ ಯ ಕೂತಿದೆ. ರೇಖಾತ್ಮಕ ಅಲ್ಲ. ಈಗ ವರ್ಷವನ್ನು ಮೂರಕ್ಕೆ ನಿಲ್ಲಿಸಿ, ಅಸಲನ್ನು ಗೊತ್ತಿಲ್ಲದ್ದು ಅನ್ನಿ. ಮೊತ್ತ 1.404928 × ಅಸಲು. ಅದೇ ಚಕ್ರಬಡ್ಡಿ, ಅದೇ ಸೂತ್ರ, ಅಸಲಿನ ಲೆಕ್ಕದಲ್ಲಿ ಮಾತ್ರ ಅಚ್ಚುಕಟ್ಟಾಗಿ ರೇಖಾತ್ಮಕ. ಪ್ರಶ್ನೆಯಲ್ಲಿ ಗೊತ್ತಿಲ್ಲದ್ದು ಯಾವುದು ಅಂತ ಮೊದಲು ಗುರುತು ಹಾಕಿಕೊಳ್ಳಿ ಅಂತ ಮೇಷ್ಟ್ರು ಬಡಕೊಳ್ಳುವುದು ಇದಕ್ಕೇ.

ಮೊದಲು ಬಿಡಿಸಿ, ಆಮೇಲೆ ತೀರ್ಪು

ಶುರುವಿನಲ್ಲಿ ಬಿಟ್ಟಿದ್ದ ಎರಡನೇ ಸಮೀಕರಣ ಇನ್ನೂ ಬಾಕಿ ಇದೆ.

(ಯ + 1)² = ಯ² + 5

ಎಡಗಡೆ ಬಿಡಿಸಿದರೆ ಯ² + 2ಯ + 1. ಎರಡೂ ಕಡೆಯ ಯ² ಹೊಡೆದುಹೋಯಿತು. ಉಳಿದದ್ದು 2ಯ + 1 = 5. ಯ = 2. ಹೊರಗೆ ನೋಡಲು ವರ್ಗ ಸಮೀಕರಣದ ವೇಷ, ಒಳಗೆ ಘಾತ ಒಂದು. ಹೀಗಾಗಿ ಆವರಣ ಬಿಡಿಸಿ, ಸಜಾತಿ ಪದಗಳನ್ನು ಒಟ್ಟು ಮಾಡಿ, ಎಲ್ಲವನ್ನೂ ಒಂದು ಬದಿಗೆ ತಂದ ಮೇಲೆಯೇ ತೀರ್ಪು ಕೊಡಬೇಕು.

ಬಿಡಿಸಿದಾಗ ಏನೂ ಉಳಿಯದೆಯೂ ಹೋಗಬಹುದು. 2(ಯ + 3) = 2ಯ + 6 ಅನ್ನು ಬಿಡಿಸಿದರೆ 0 = 0. ಇದು ಯಾವ ಯ ಹಾಕಿದರೂ ಸರಿಹೋಗುವ ನಿತ್ಯಸಮೀಕರಣ, ಹುಡುಕಲು ಏನೂ ಇಲ್ಲ. ಘಾತ ಒಂದರ ಪದವೇ ಉಳಿಯದಿದ್ದರೆ ರೇಖಾತ್ಮಕ ಅನ್ನುವ ಹಾಗೂ ಇಲ್ಲ.

ಕೂಡುವುದು, ಕಳೆಯುವುದು, ಆವರಣ ಬಿಡಿಸುವುದು ಇವು ನಿರಪಾಯ. ಅಪಾಯ ಇರುವುದು ಗೊತ್ತಿಲ್ಲದ್ದರಿಂದ ಭಾಗಿಸುವಾಗ ಮತ್ತು ಗುಣಿಸುವಾಗ. ಯ² = 3ಯ ಇದೆ ಅನ್ನಿ. ‘ಎರಡೂ ಕಡೆ ಒಂದೊಂದು ಯ ಹೊಡೆದರೆ ಯ = 3, ರೇಖಾತ್ಮಕ’ ಅಂತ ಬರೆದರೆ ಅಂಕ ಹೋಯಿತು. ಸೊನ್ನೆ ಹಾಕಿ ನೋಡಿ, ಅದೂ ಸರಿಹೋಗುತ್ತದೆ. ಯ ಹೊಡೆದಾಗ ಆ ಪರಿಹಾರ ಕಣ್ಮರೆಯಾಯಿತು. ಸಮೀಕರಣ ವರ್ಗದ್ದೇ.

ಇದರ ಉಲ್ಟಾ ಇನ್ನೂ ತಮಾಷೆ:

(ಯ² − 9) / (ಯ − 3) = 6

ಯ² − 9 ಅಂದರೆ (ಯ − 3)(ಯ + 3). ಮೇಲೆ ಕೆಳಗೆ ಯ − 3 ಹೊಡೆದರೆ ಯ + 3 = 6. ಯ = 3. ಸುಲಭ ಅನ್ನಿಸಿತಾ? ಈಗ ಆ ಮೂರನ್ನು ಮೊದಲಿನ ಸಮೀಕರಣಕ್ಕೆ ಹಾಕಿ. ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸುವ ಹಾಗೇ ಇಲ್ಲ. ಅಂದರೆ ಮೂಲ ಸಮೀಕರಣಕ್ಕೆ ಪರಿಹಾರವೇ ಇಲ್ಲ, ಬಿಡಿಸಿ ಸಿಕ್ಕ ರೇಖಾತ್ಮಕ ಸಮೀಕರಣಕ್ಕೆ ಇದೆ. ಎರಡೂ ಒಂದೇ ಅಲ್ಲ. ಇಂಥದ್ದನ್ನು ‘ರೇಖಾತ್ಮಕ ರೂಪಕ್ಕೆ ತರಬಹುದಾದ ಸಮೀಕರಣ’ ಅನ್ನುವುದು ಸರಿ. ಜೊತೆಗೆ ‘ಯ ಮೂರು ಆಗಿರಬಾರದು’ ಅಂತ ಪಕ್ಕದಲ್ಲಿ ಬರೆದಿಡಬೇಕು.

ಮುರಿದ ರೇಖೆಗಳು, ನೆಟ್ಟಗೆ ನಿಂತ ರೇಖೆಗಳು

ಕರೆಂಟ್ ಬಿಲ್ಲಿನಲ್ಲಿ ಸ್ಲ್ಯಾಬ್ ಪದ್ಧತಿ ಇದ್ದರೆ ಮೊದಲ ಇಷ್ಟು ಯೂನಿಟ್ಟಿಗೆ ಒಂದು ದರ, ಅದು ದಾಟಿದರೆ ಜಾಸ್ತಿ ದರ. ಒಂದು ಸ್ಲ್ಯಾಬಿನೊಳಗೆ ಹೆಜ್ಜೆ ಒಂದೇ ಸಮ ಇರುತ್ತದೆ. ಗಡಿ ದಾಟಿದ ಕೂಡಲೇ ಹೆಜ್ಜೆ ದೊಡ್ಡದಾಗುತ್ತದೆ. ತುಂಡು ತುಂಡಾಗಿ ರೇಖಾತ್ಮಕ, ಒಟ್ಟಾರೆ ಅಲ್ಲ. ಆಟೋ ಮೀಟರೂ ಹಾಗೇ, ಕನಿಷ್ಠ ಬಾಡಿಗೆ ಮುಗಿಯುವ ತನಕ ಅಲುಗುವುದಿಲ್ಲ, ಆಮೇಲೆ ಓಡುತ್ತದೆ. ಗಣಿತದಲ್ಲಿ ಇದಕ್ಕೆ ಸರಳ ಉದಾಹರಣೆ |ಯ|, ಅಂದರೆ ಚಿಹ್ನೆ ಬಿಟ್ಟು ಬೆಲೆ ಮಾತ್ರ. ಯ −2ರಿಂದ −1ಕ್ಕೆ ಹೋದರೆ ಅದು ಒಂದು ಇಳಿಯುತ್ತದೆ, 1ರಿಂದ 2ಕ್ಕೆ ಹೋದರೆ ಒಂದು ಏರುತ್ತದೆ. ಘಾತ ಒಂದೇ ಕಂಡರೂ |ಯ| = 5 ರೇಖಾತ್ಮಕ ಅಲ್ಲ. ಪರಿಹಾರ ಎರಡು, 5 ಮತ್ತು −5.

ನಕ್ಷೆಯ ಬಗ್ಗೆ ಎರಡು ಮಾತು ಸಾಕು. ಯ = 5 ಅಂತ ಮಾತ್ರ ಇದ್ದರೂ ಎರಡು ಅಕ್ಷಗಳ ನಕ್ಷೆಯಲ್ಲಿ ಅದು ಕಂಬದ ಹಾಗೆ ನೆಟ್ಟಗೆ ನಿಂತ ಸರಳರೇಖೆ. ಕ ಕಾಣದಿದ್ದರೆ ಅದರ ಸಹಗುಣಕ, ಅಂದರೆ ಅದನ್ನು ಗುಣಿಸುವ ಸಂಖ್ಯೆ, ಸೊನ್ನೆ ಅಂತ, ರೇಖಾತ್ಮಕ ಎನ್ನಲು ಅಡ್ಡಿಯಿಲ್ಲ. ಚರಾಕ್ಷರ ಮೂರಾದರೆ ನಕ್ಷೆ ಗೆರೆಯಾಗಿ ಉಳಿಯದೆ ಚಪ್ಪಟೆ ಹಲಗೆಯಂತಾಗುತ್ತದೆ, ಹೆಸರು ಮಾತ್ರ ರೇಖಾತ್ಮಕ ಅಂತಲೇ.

ಬಿಂದುಗಳನ್ನು ಇಟ್ಟು ಪರೀಕ್ಷಿಸುವವರು ಎರಡಕ್ಕೇ ನಿಲ್ಲಿಸಬೇಡಿ. ಯಾವ ಎರಡು ಬಿಂದುಗಳ ನಡುವೆಯೂ ಸ್ಕೇಲ್ ಇಟ್ಟು ಗೆರೆ ಎಳೆಯಬಹುದು. ಮೂರನೆಯದು ಆ ಗೆರೆಯಿಂದ ತಪ್ಪಿದರೆ ‘ಅಲ್ಲ’ ಅಂತ ಖಚಿತ. ಕೂತರೆ ‘ಇರಬಹುದು’ ಅಷ್ಟೇ, ಆಗ ಸಮೀಕರಣವನ್ನೇ ನೋಡಿ ತೀರ್ಮಾನಿಸಬೇಕು.

ಗೊತ್ತಾಗಿ ಏನು ಪ್ರಯೋಜನ?

ರೇಖಾತ್ಮಕ ಅಂತ ಗೊತ್ತಾದರೆ ಉತ್ತರ ಹುಡುಕಲು ಊಹೆ ಬೇಕಾಗುವುದಿಲ್ಲ, ನೇರ ದಾರಿ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂದು ಲೆಕ್ಕ ಕೊಡುತ್ತಾರೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲಕ್ಕೆ ಮತ್ತು 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

9ಯ + 7ಕ = 107

7ಯ + 9ಕ = 101

ಎರಡನ್ನೂ ಕೂಡಿ: 16ಯ + 16ಕ = 208, ಅಂದರೆ ಯ + ಕ = 13. ಒಂದರಿಂದ ಇನ್ನೊಂದನ್ನು ಕಳೆಯಿರಿ: 2ಯ − 2ಕ = 6, ಅಂದರೆ ಯ − ಕ = 3. ಮಾದಲಕ್ಕೆ 8, ಬೇಲಕ್ಕೆ 5. ಹೀಗೆ ಕೂಡಿ ಕಳೆದು ಒಂದು ಅಕ್ಷರವನ್ನು ಹಾರಿಸಿ ನೇರ ಉತ್ತರಕ್ಕೆ ಬರಲು ಸಾಧ್ಯವಾದದ್ದು ಎರಡೂ ರೇಖಾತ್ಮಕ ಆಗಿದ್ದರಿಂದ. ಜೊತೆಗೆ ಒಂದು ಭರವಸೆಯೂ ಇದೆ. ಎರಡು ಸರಳರೇಖೆಗಳು ಒಂದೇ ಕಡೆ ಕೂಡುತ್ತವೆ, ಇಲ್ಲವೇ ಸಮಾಂತರವಾಗಿ ಕೂಡುವುದೇ ಇಲ್ಲ, ಇಲ್ಲವೇ ಒಂದರ ಮೇಲೊಂದು ಪೂರ್ತಿ ಕೂರುತ್ತವೆ. ಸರಿಯಾಗಿ ಎರಡೇ ಪರಿಹಾರ ಅನ್ನುವುದು ಇಲ್ಲಿ ಸಾಧ್ಯವಿಲ್ಲ. ಎರಡರಲ್ಲಿ ಒಂದು ರೇಖಾತ್ಮಕ ಅಲ್ಲದಿದ್ದರೆ ಆ ಭರವಸೆ ಹೋಯಿತು: ಯ + ಕ = 7, ಯಕ = 12 ಅಂದರೆ (3, 4) ಕೂಡ ಸರಿ, (4, 3) ಕೂಡ ಸರಿ.

ಕೈ ಪಳಗಿಸಲು ಐದು

√3·ಯ − ಕ/7 = 2. ರೇಖಾತ್ಮಕ. ವಿಕಾರ ಇರುವುದು ಸಹಗುಣಕಗಳಲ್ಲಿ ಮಾತ್ರ.

ಯ(ಯ − 2) = ಯ² + 6. ಬಿಡಿಸಿದರೆ −2ಯ = 6. ರೇಖಾತ್ಮಕ, ಯ = −3.

2/ಯ + 3/ಕ = 5. ಅಲ್ಲ. ಆದರೆ 1/ಯ ಮತ್ತು 1/ಕ ಇವುಗಳಿಗೇ ಬೇರೆ ಹೆಸರು, ಪ ಮತ್ತು ಬ ಅಂತ ಇಟ್ಟರೆ 2ಪ + 3ಬ = 5 ಆಗುತ್ತದೆ. ಪ, ಬ ಲೆಕ್ಕದಲ್ಲಿ ಅದು ರೇಖಾತ್ಮಕ.

ಯ/ಕ = 3. ಗುಣಿಸಿದರೆ ಯ = 3ಕ, ಸರಳರೇಖೆ. ಆದರೆ ಕ ಸೊನ್ನೆ ಆಗುವಂತಿಲ್ಲ. ಆ ರೇಖೆಯಲ್ಲಿ (0, 0) ಇರುವ ಜಾಗದಲ್ಲಿ ಒಂದು ತೂತು. ಇದನ್ನೂ ‘ರೇಖಾತ್ಮಕ ರೂಪಕ್ಕೆ ತರಬಹುದಾದದ್ದು’ ಅನ್ನಿ.

(ಯ + ಕ)² = 25. ಇದು ನನಗೆ ಇಷ್ಟದ್ದು. ಯ + ಕ = 5 ಅಥವಾ ಯ + ಕ = −5, ನಕ್ಷೆ ಬರೆದರೆ ಎರಡು ಸಮಾಂತರ ಸರಳರೇಖೆಗಳೇ ಸಿಗುತ್ತವೆ, ಎಲ್ಲೂ ಬಾಗಿಲ್ಲ. ಹಾಗಂತ ರೇಖಾತ್ಮಕ ಅನ್ನಬೇಡಿ. ಯ + ಕ 5 ಇರುವಾಗ ಯ ಒಂದು ಏರಿಸಿದರೆ ಎಡಗಡೆ 25ರಿಂದ 36ಕ್ಕೆ, ಅಂದರೆ 11 ಏರುತ್ತದೆ. ಇನ್ನೊಂದು ಏರಿಸಿದರೆ 36ರಿಂದ 49ಕ್ಕೆ, 13. ಬಿಡಿಸಿ ನೋಡಿದರೂ ಯ², 2ಯಕ, ಕ² ಮೂರೂ ಉಳಿಯುತ್ತವೆ, ಒಂದೂ ಹೊಡೆದುಹೋಗುವುದಿಲ್ಲ.